ಟೋನಿ ಮಾರಿಸನ್ ಅವರ ‘ಬಿಲವೆಡ್’: ಮೊದಲ ಪುಟಗಳಲ್ಲೇ ನಿಂತುಬಿಟ್ಟವರಿಗೆ ಒಂದು ಓದಿನ ದಾರಿ

ಈ ಕಾದಂಬರಿಯನ್ನು ನಾನು ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಮೂವತ್ತನೇ ಪುಟದ ಆಸುಪಾಸಿನಲ್ಲಿ ಬಿಟ್ಟಿದ್ದೆ. ಯಾರು ಮಾತಾಡುತ್ತಿದ್ದಾರೆ, ಇದು ಯಾವ ವರ್ಷ, ಸತ್ತವರು ಯಾರು, ಇರುವವರು ಯಾರು, ಒಂದೂ ಗೊತ್ತಾಗುತ್ತಿರಲಿಲ್ಲ. ಮೂರನೇ ಸಲ ಪೂರ್ತಿ ಓದಿದೆ. ಆ ಸಲ ಏನು ಬೇರೆ ಮಾಡಿದೆ ಅನ್ನುವುದನ್ನು ಒಂದೊಂದಾಗಿ ಇಲ್ಲಿ ಬರೆಯುತ್ತಿದ್ದೇನೆ. ಇದು ಮೊದಲ ಐವತ್ತು ಅರವತ್ತು ಪುಟಗಳಿಗೆ ಮಾತ್ರ. ಅಷ್ಟು ದಾಟಿದರೆ ಮುಂದಕ್ಕೆ ಪುಸ್ತಕವೇ ಕರೆದುಕೊಂಡು ಹೋಗುತ್ತದೆ.

ಗೊತ್ತಿಲ್ಲದವರಿಗೆ ಒಂದೆರಡು ಸಾಲಿನ ಪರಿಚಯ. ‘ಬಿಲವೆಡ್’ ಬಂದದ್ದು 1987ರಲ್ಲಿ. ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. 1993ರಲ್ಲಿ ಮಾರಿಸನ್ ಅವರಿಗೆ ನೊಬೆಲ್ ಬಂತು. ಕಥೆ ನಡೆಯುವುದು ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿ ಊರಿನ ಅಂಚಿನಲ್ಲಿ, 1873ರಲ್ಲಿ. ಅಂದರೆ ಗುಲಾಮಗಿರಿ ಕಾನೂನಿನಲ್ಲಿ ಮುಗಿದು ಆಗಲೇ ಎಂಟು ವರ್ಷ. ಆದರೂ ಬ್ಲೂಸ್ಟೋನ್ ರಸ್ತೆಯ 124ನೇ ನಂಬರಿನ ಮನೆಯಲ್ಲಿ ಅದು ಮುಗಿದಿಲ್ಲ. ಸೆಥಾ ಎಂಬ ತಾಯಿ, ಡೆನ್ವರ್ ಎಂಬ ಮಗಳು, ಜೊತೆಗೆ ಒಂದು ಮಗುವಿನ ದೆವ್ವ. ಇಷ್ಟು ಜನ ಆ ಮನೆಯಲ್ಲಿ.

ಓದಲು ಕೂರುವ ಮುಂಚೆ ಒಂದು ಮಾತು. ಮೊದಲ ಪುಟಗಳಲ್ಲಿ ನಿಮಗೆ ಆಗುವ ಗೊಂದಲ ನಿಮ್ಮ ಇಂಗ್ಲಿಷಿನ ದೋಷ ಖಂಡಿತ ಅಲ್ಲ. ಮಾರಿಸನ್ ಬೇಕೆಂದೇ ಹಾಗೆ ಬರೆದಿದ್ದಾರೆ, ಯಾಕೆ ಅಂತಲೂ ಒಂದು ಕಡೆ ಹೇಳಿದ್ದಾರೆ. ಗುಲಾಮರನ್ನು ಯಾವ ಮುನ್ಸೂಚನೆಯೂ ಇಲ್ಲದೆ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಎಳೆದೊಯ್ಯುತ್ತಿದ್ದರಲ್ಲ, ಓದುಗರೂ ಹಾಗೇ ಯಾವ ಸಿದ್ಧತೆ ಇಲ್ಲದೆ ಆ ಮನೆಯೊಳಗೆ ಬೀಳಬೇಕು ಅನ್ನುವುದು ಅವರ ಆಸೆಯಾಗಿತ್ತು. ಇದು ಗೊತ್ತಾದ ದಿನ ನನ್ನ ಓದು ಬದಲಾಯಿತು. ಅರ್ಥ ಆಗಲಿಲ್ಲ ಅಂತ ಸಂಕಟಪಡುವುದನ್ನು ಬಿಟ್ಟೆ. ಕೈಗೆ ಎಷ್ಟು ಸಿಗುತ್ತದೋ ಅಷ್ಟನ್ನು ಹಿಡಿದುಕೊಂಡೆ.

1. ಕಥೆ ಏನು ಅಂತ ಹುಡುಕಬೇಡಿ

ಪುಸ್ತಕದ ಹಿಂಬದಿಯ ಪರಿಚಯ ಓದಬೇಡಿ. ಕೆಲವು ಮುದ್ರಣಗಳಲ್ಲಿ ಕಾದಂಬರಿಯ ಅರ್ಧ ದಾರಿಯಲ್ಲಿ ಬಯಲಾಗಬೇಕಾದ ಸಂಗತಿಯನ್ನು ಅಲ್ಲೇ ಅಚ್ಚು ಹಾಕಿರುತ್ತಾರೆ. 1998ರಲ್ಲಿ ಬಂದ ಸಿನಿಮಾವನ್ನೂ ಮೊದಲು ನೋಡಬೇಡಿ. ಅಂತರ್ಜಾಲದಲ್ಲಿ ಪಾತ್ರಗಳ ಪಟ್ಟಿ ಹುಡುಕಲು ಹೋದರೂ ಅದೇ ಗತಿ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಆ ಮನೆಯಲ್ಲಿ ನಡೆದದ್ದನ್ನು ಪಾತ್ರಗಳೇ ಬಾಯಿಬಿಟ್ಟು ಹೇಳಲಾರರು. ಸುತ್ತಿ ಸುತ್ತಿ ಹತ್ತಿರ ಬರುತ್ತಾರೆ, ಮತ್ತೆ ದೂರ ಸರಿಯುತ್ತಾರೆ. ಆ ಸುತ್ತುವಿಕೆಯೇ ಈ ಪುಸ್ತಕದ ಜೀವ. ಉತ್ತರ ಮೊದಲೇ ಗೊತ್ತಿದ್ದವರಿಗೆ ಅದು ಬರೀ ವಿಳಂಬ ಅನ್ನಿಸುತ್ತದೆ. ನಾನೂ ಇಲ್ಲಿ ಆ ಸಂಗತಿ ಹೇಳುವುದಿಲ್ಲ.

ಒಂದಿಷ್ಟು ಮಾತ್ರ ಹೇಳಬಹುದು. ಮಾರಿಸನ್ ಪ್ರಕಾಶನ ಸಂಸ್ಥೆಯೊಂದರಲ್ಲಿ ಸಂಪಾದಕಿಯಾಗಿದ್ದಾಗ, ಕಪ್ಪು ಜನರ ಬದುಕಿನ ದಾಖಲೆಗಳನ್ನು ಒಟ್ಟು ಸೇರಿಸಿ 1974ರಲ್ಲಿ ಒಂದು ಪುಸ್ತಕ ತಂದರು. ಆ ಕೆಲಸದಲ್ಲಿ ಅವರಿಗೆ 1856ರ ಒಂದು ಪತ್ರಿಕಾ ವರದಿ ಸಿಕ್ಕಿತು. ಆ ವರ್ಷದ ಜನವರಿಯಲ್ಲಿ ಒಹಾಯೊ ನದಿ ಹೆಪ್ಪುಗಟ್ಟಿತ್ತು. ಕೆಂಟಕಿಯ ಒಂದು ಗುಲಾಮ ಕುಟುಂಬ ರಾತ್ರಿ ಆ ಮಂಜುಗಡ್ಡೆಯ ಮೇಲೆ ನಡೆದು ನದಿ ದಾಟಿ ಸಿನ್ಸಿನಾಟಿ ಸೇರಿತು. ಹಿಡಿಯುವವರು ಬೆನ್ನಹಿಂದೆಯೇ ಬಂದರು. ಮುಂದೆ ಏನಾಯಿತು ಅನ್ನುವುದನ್ನು ಕಾದಂಬರಿಯ ಮೊದಲ ಭಾಗ ಮುಗಿದ ಮೇಲೆ ಹುಡುಕಿ ಓದಿ. ಮೊದಲ ಭಾಗವೇ ಪುಸ್ತಕದ ಅರ್ಧಕ್ಕಿಂತ ಜಾಸ್ತಿ ಇದೆ. ಅಲ್ಲಿಯವರೆಗೆ ತಡೆದುಕೊಳ್ಳಿ.

2. ಇತಿಹಾಸ ಮಾತ್ರ ಮೊದಲೇ ಗೊತ್ತಿರಲಿ

ಕಥೆ ತಿಳಿಯದೆ ಓದಬೇಕು, ಆದರೆ ಕಾಲ ತಿಳಿದು ಓದಬೇಕು. ಮಾರಿಸನ್ ಕಾಲವನ್ನು ವಿವರಿಸುವುದಿಲ್ಲ. ಅವರ ಓದುಗರಿಗೆ ಅದು ಗೊತ್ತಿತ್ತು. ನಮಗೆ ಶಾಲೆಯ ಪಠ್ಯದಲ್ಲಿ ಲಿಂಕನ್ ಹೆಸರು ಬಿಟ್ಟರೆ ಹೆಚ್ಚೇನೂ ಸಿಕ್ಕಿರಲಿಲ್ಲ, ಅಲ್ವಾ?

ಮೊದಲು ನದಿ. ಒಹಾಯೊ ನದಿಯ ದಕ್ಷಿಣದ ದಡ ಕೆಂಟಕಿ. ಅಲ್ಲಿ ಗುಲಾಮಗಿರಿ ಕಾನೂನುಬದ್ಧ. ಉತ್ತರದ ದಡ ಒಹಾಯೊ ರಾಜ್ಯ. ಅಲ್ಲಿ ಗುಲಾಮಗಿರಿ ಇಲ್ಲ. ನದಿ ದಾಟಿದರೆ ಬಿಡುಗಡೆ ಅಂತ ಅನ್ನಿಸುತ್ತದೆ. ಆದರೆ 1850ರಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ಕಾಯ್ದೆ ತಂದಿತು. ಓಡಿಹೋದ ಗುಲಾಮರನ್ನು ಗುಲಾಮಗಿರಿ ಇಲ್ಲದ ರಾಜ್ಯಕ್ಕೂ ನುಗ್ಗಿ ಹಿಡಿದು ವಾಪಸ್ ಒಯ್ಯಬಹುದು. ಕರೆದರೆ ಊರಿನ ಜನರೂ ಹಿಡಿಯಲು ನೆರವಾಗಲೇಬೇಕು. ಹಿಡಿಸಿಕೊಂಡವರಿಗೆ ತಮ್ಮ ಪರವಾಗಿ ಸಾಕ್ಷಿ ನುಡಿಯುವ ಹಕ್ಕಿಲ್ಲ. ವಿಚಾರಣೆ ಮಾಡುವ ಕಮಿಷನರ್‌ಗೆ ಸಿಗುವ ಶುಲ್ಕವನ್ನೇ ನೋಡಿ: ವಾಪಸ್ ಕಳಿಸಿದರೆ 10 ಡಾಲರ್, ಬಿಟ್ಟರೆ 5 ಡಾಲರ್. ಸೆಥಾ ನದಿ ದಾಟಿ ಬಂದದ್ದು 1855ರಲ್ಲಿ, ಈ ಕಾಯ್ದೆ ಜಾರಿಯಲ್ಲಿದ್ದಾಗ. ನದಿ ದಾಟಿದ ಮೇಲೂ ಯಾಕೆ ಅಷ್ಟು ಭಯ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಎರಡನೆಯದು ತಾಯಿ ಮಕ್ಕಳ ವಿಷಯ. ಹುಟ್ಟುವ ಮಗುವಿಗೆ ತಾಯಿಯ ಸ್ಥಿತಿಯೇ ಬರುತ್ತದೆ ಅಂತ ವರ್ಜೀನಿಯಾದಲ್ಲಿ 1662ರಲ್ಲೇ ಕಾನೂನು ಮಾಡಿದ್ದರು. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಂದೆ ಯಾರೇ ಆಗಿರಲಿ. ತಂದೆ ಆ ಜಮೀನಿನ ಮಾಲೀಕನೇ ಆಗಿದ್ದರೂ ಅಷ್ಟೇ. ಮಗು ತಾಯಿಯದ್ದಲ್ಲ, ಮಾಲೀಕನ ಆಸ್ತಿ. ಮಾರಬಹುದು, ಅಡ ಇಡಬಹುದು, ಉಡುಗೊರೆ ಕೊಡಬಹುದು. ಈ ಕಾದಂಬರಿಯಲ್ಲಿ ಏನನ್ನೇ ಓದಿದರೂ ಈ ಒಂದು ಕಾನೂನು ಅದರ ಕೆಳಗೆ ಇದೆ.

ಉಳಿದ ವರ್ಷಗಳು ಬೇಗ ಹೇಳಿಬಿಡಬಹುದು. 1860ರ ಜನಗಣತಿಯ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. 1861ರಿಂದ 1865ರವರೆಗೆ ಅಂತರ್ಯುದ್ಧ ನಡೆಯಿತು. 1865ರ ಡಿಸೆಂಬರಿನಲ್ಲಿ ಸಂವಿಧಾನದ 13ನೇ ತಿದ್ದುಪಡಿಯ ಮೂಲಕ ಗುಲಾಮಗಿರಿ ರದ್ದಾಯಿತು.

ಇಲ್ಲೊಂದು ಎಚ್ಚರಿಕೆ. ಕನ್ನಡದಲ್ಲಿ ಯೋಚಿಸುವಾಗ ನಮಗೆ ತಕ್ಷಣ ಬರುವ ಪದ ‘ಜೀತ’. ಆ ಪದವನ್ನು ಇಲ್ಲಿ ತಂದು ಇಟ್ಟರೆ ಓದು ದಾರಿ ತಪ್ಪುತ್ತದೆ. ಜೀತದಲ್ಲಿ ಹೆಚ್ಚಾಗಿ ಒಂದು ಸಾಲ ಇರುತ್ತದೆ, ತೀರದಂತೆ ಲೆಕ್ಕ ಬರೆದ ಸಾಲ. 1976ರಲ್ಲಿ ನಮ್ಮ ದೇಶ ಅದನ್ನು ಕಾನೂನಿನಿಂದ ರದ್ದು ಮಾಡಿದಾಗ ಆ ಸಾಲಗಳೂ ರದ್ದಾದವು. ಜೀತದ ನೋವು ಕಡಿಮೆ ಅಂತ ನಾನು ಹೇಳುತ್ತಿಲ್ಲ. ಆದರೆ ಸೆಥಾಳ ಮೇಲೆ ಯಾವ ಸಾಲವೂ ಇಲ್ಲ. ಅವಳಿಗೇ ಒಂದು ಬೆಲೆ ಇದೆ. ಇದರ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ಪಾತ್ರಗಳು ‘ನನ್ನ ಮಕ್ಕಳು’ ಅನ್ನುವಾಗ ಆ ‘ನನ್ನ’ ಎಷ್ಟು ಭಾರ ಅಂತ ಕೇಳಿಸುತ್ತದೆ.

ಆಫ್ರಿಕಾದಿಂದ ಹಿಡಿದು ತಂದ ಜನರ ಕಥೆ ನಮಗೆ ಪೂರ್ತಿ ದೂರದ್ದೂ ಅಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಇರುವ ಸಿದ್ದಿ ಸಮುದಾಯದವರ ಹಿರಿಯರಲ್ಲಿ ಬಹಳಷ್ಟು ಜನ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾಕ್ಕೆ ಬಂದವರು. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರೂ ಅವರಲ್ಲಿದ್ದರು. ಅದು ಬೇರೆ ಸಮುದ್ರ, ಬೇರೆ ಇತಿಹಾಸ. ಅದನ್ನು ಈ ಕಥೆಯ ಜೊತೆ ಬೆರೆಸಬಾರದು. ಆದರೆ ಓದುತ್ತಾ ಓದುತ್ತಾ ನನಗೆ ಅವರ ನೆನಪಾಗದೆ ಇರಲಿಲ್ಲ.

3. ಪೆನ್ಸಿಲ್ ಮತ್ತು ಒಂದು ಹಾಳೆ

ಹಾಳೆಯನ್ನು ಅಡ್ಡ ಮಡಚಿ. ಎಡಕ್ಕೆ ‘ಕೆಂಟಕಿ, ಮೊದಲು’ ಅಂತ ಬರೆಯಿರಿ. ಬಲಕ್ಕೆ ‘124, ಈಗ’. ನಡುವಿನ ಮಡಿಕೆಯೇ ನದಿ. ಒಂದು ಹೆಸರು ಸಿಕ್ಕ ಕೂಡಲೇ ಅದು ಯಾವ ಕಡೆಯದ್ದು ಅಂತ ನೋಡಿ ಬರೆದುಕೊಳ್ಳಿ.

ಎಡಕ್ಕೆ ಸ್ವೀಟ್ ಹೋಮ್ ಎಂಬ ಜಮೀನು ಬರುತ್ತದೆ. ಮಾಲೀಕ ಗಾರ್ನರ್. ಅಲ್ಲಿ ಐದು ಗಂಡಾಳುಗಳು: ಪಾಲ್ ಎ, ಪಾಲ್ ಡಿ, ಪಾಲ್ ಎಫ್, ಹ್ಯಾಲಿ, ಸಿಕ್ಸೋ. ಮೂವರಿಗೆ ಒಂದೇ ಹೆಸರು, ಹಿಂದೆ ಒಂದೊಂದು ಅಕ್ಷರ. ನಾನು ಮೊದಲ ಸಲ ಓದಿದಾಗ ಈ ಮೂವರು ಪಾಲ್‌ಗಳನ್ನು ನೋಡಿ ಗಲಿಬಿಲಿಯಾಗಿದ್ದೆ. ಮೂರನೇ ಸಲ ಹಾಳೆಯಲ್ಲಿ ಕೈಯಾರೆ ಬರೆಯುವಾಗ ಬೇರೆ ಏನೋ ಅನ್ನಿಸಿತು. ಸಾಮಾನಿನ ಪಟ್ಟಿ ಮಾಡುವಾಗ ನಾವು ಹೀಗೆ ಬರೆಯುತ್ತೇವೆ. ಅವರ ಕುಲನಾಮವೂ ಮಾಲೀಕನದ್ದೇ.

ಬಲಕ್ಕೆ ಸೆಥಾ, ಡೆನ್ವರ್, ಓಡಿಹೋದ ಇಬ್ಬರು ಗಂಡುಮಕ್ಕಳಾದ ಹವರ್ಡ್ ಮತ್ತು ಬಗ್ಲರ್, ತೀರಿಕೊಂಡ ಅತ್ತೆ ಬೇಬಿ ಸಗ್ಸ್. ಎರಡೂ ಕಡೆ ಸೇರುವವರ ಹೆಸರಿನಿಂದ ಒಂದು ಗೆರೆ ಎಳೆಯಿರಿ. ಹ್ಯಾಲಿ ಸೆಥಾಳ ಗಂಡ, ಬೇಬಿ ಸಗ್ಸ್‌ಳ ಮಗ. ಅಮ್ಮ ಒಂದು ದಿನವಾದರೂ ಕೂತು ಸುಧಾರಿಸಿಕೊಳ್ಳುವುದನ್ನು ನೋಡಬೇಕು ಅಂತ ಐದು ವರ್ಷದ ಭಾನುವಾರಗಳನ್ನೆಲ್ಲ ದುಡಿದು, ಅವಳ ಬಿಡುಗಡೆಯನ್ನು ಕೊಂಡವನು. ಅವನ ಹೆಸರಿನಿಂದ ಹೊರಟ ಗೆರೆ ನನ್ನ ಹಾಳೆಯಲ್ಲಿ ಮಡಿಕೆಯ ಹತ್ತಿರವೇ ನಿಂತುಬಿಟ್ಟಿತು. ಅವನು ನದಿ ದಾಟಿ ಬಂದನೋ ಇಲ್ಲವೋ ಸೆಥಾಗೂ ಗೊತ್ತಿಲ್ಲ.

ಒಂದು ಸಲಕ್ಕೆ ಹದಿನೈದು ಪುಟ ಸಾಕು. ಅಧ್ಯಾಯಗಳಿಗೆ ನಂಬರೂ ಇಲ್ಲ, ಹೆಸರೂ ಇಲ್ಲ. ಹೊಸ ಪುಟದಿಂದ ಶುರುವಾದರೆ ಅದೇ ಹೊಸ ಅಧ್ಯಾಯ.

4. ಅರ್ಪಣೆಯ ಪುಟ, ಆಮೇಲೆ ಮೊದಲ ಪುಟ

ಅರ್ಪಣೆಯ ಪುಟ ದಾಟಿಹೋಗಬೇಡಿ. ಯಾರ ಹೆಸರೂ ಇಲ್ಲದೆ, ಆರು ಕೋಟಿ ಮತ್ತು ಇನ್ನೂ ಹೆಚ್ಚು ಜನರಿಗೆ ಅಂತ ಅಲ್ಲಿದೆ. ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದವರು ಸುಮಾರು 1.25 ಕೋಟಿ ಅನ್ನುವುದು ಇತಿಹಾಸಕಾರರ ಲೆಕ್ಕ. ಮಾರಿಸನ್ ಹೇಳುವ ಸಂಖ್ಯೆ ಹಡಗಿನ ಪಟ್ಟಿಯದ್ದಲ್ಲ. ಲೆಕ್ಕಕ್ಕೇ ಸಿಗದೆ ಸತ್ತವರನ್ನೂ ಅವರು ಸೇರಿಸಿಕೊಂಡಿದ್ದಾರೆ.

ಮೊದಲ ಪುಟವನ್ನು ಎರಡು ಸಲ ಓದಿ. ಮೊದಲ ಸಲ ಸುಮ್ನೆ ಓದಿಕೊಂಡು ಹೋಗಿ. ಎರಡನೇ ಸಲ ವಸ್ತುಗಳನ್ನು ಮಾತ್ರ ನೋಡಿ. ಮುಖ ನೋಡಿಕೊಳ್ಳಲು ಹೋದರೆ ಒಡೆಯುವ ಕನ್ನಡಿ. ಕೇಕಿನ ಮೇಲೆ ಮೂಡಿದ ಎರಡು ಪುಟ್ಟ ಅಂಗೈ ಗುರುತು. ನೆಲದ ಮೇಲೆ ಹೊಗೆಯಾಡುವ ಕಡಲೆಕಾಳಿನ ರಾಶಿ. ಹೊಸ್ತಿಲ ಉದ್ದಕ್ಕೂ ಚೆಲ್ಲಿದ ಬಿಸ್ಕತ್ತಿನ ಪುಡಿ. ಹವರ್ಡ್ ಮತ್ತು ಬಗ್ಲರ್ ಹದಿಮೂರು ತುಂಬುವ ಹೊತ್ತಿಗೆ ಮನೆ ಬಿಟ್ಟು ಓಡಿದ್ದು ಇವುಗಳಿಂದ. ಮೊದಲ ಸಲ ಓದಿದಾಗ ನಾನು ‘ಓಹೋ, ದೆವ್ವದ ಕಥೆ’ ಅಂತ ಬದಿಯಲ್ಲಿ ಬರೆದಿದ್ದೆ.

ದೆವ್ವದ ವಿಷಯದಲ್ಲಿ ನಾವು ಕನ್ನಡದ ಓದುಗರು ಸ್ವಲ್ಪ ಅನುಕೂಲದಲ್ಲಿದ್ದೇವೆ. ಮನೆಯಲ್ಲಿ ಸತ್ತವರು ಇರುತ್ತಾರೆ, ಅವರಿಗೆ ಸಿಟ್ಟು ಬರುತ್ತದೆ, ಏನೋ ಬೇಕಾಗಿರುತ್ತದೆ ಅನ್ನುವುದು ನಮಗೆ ಹೊಸದಲ್ಲ. ‘ಇದು ನಿಜವೋ, ಸೆಥಾಳ ಭ್ರಮೆಯೋ’ ಅಂತ ತಲೆ ಕೆಡಿಸಿಕೊಳ್ಳಬೇಡಿ. ಆ ಮನೆಯವರಿಗೂ ಆ ಪ್ರಶ್ನೆ ಇಲ್ಲ. ಇದು ಕೆಟ್ಟದ್ದಲ್ಲ, ದುಃಖದಲ್ಲಿದೆ ಅಂತ ಸೆಥಾ ಹೇಳುತ್ತಾಳೆ. ನೀವೂ ಅಷ್ಟನ್ನೇ ಒಪ್ಪಿಕೊಂಡು ಮುಂದೆ ಹೋಗಿ.

ಈ ಮೊದಲ ಅಧ್ಯಾಯದಲ್ಲೇ ಬೇಬಿ ಸಗ್ಸ್ ಬರುತ್ತಾಳೆ. ಅವಳಿಗೆ ಎಂಟು ಮಕ್ಕಳು. ಮೊದಲ ಮಗಳ ಬಗ್ಗೆ ಅವಳಿಗೆ ನೆನಪಿರುವುದು ಒಂದೇ ಒಂದು: ಆ ಹುಡುಗಿಗೆ ಬ್ರೆಡ್ಡಿನ ಸೀದ ತಳ ಇಷ್ಟ. ಆ ಸಾಲಿಗೆ ಬಂದಾಗ ಓಡಬೇಡಿ.

5. ಕಾಲ ಜಾರುವ ಜಾಗಕ್ಕೆ ಗುರುತು ಹಾಕಿ

ಇದೇ ಮುಖ್ಯವಾದ ಕೆಲಸ. ನಾನು ಎರಡು ಸಲ ಸೋತದ್ದೂ ಇಲ್ಲೇ.

ಮಾರಿಸನ್ ಹಿಂದಿನ ಕಾಲಕ್ಕೆ ಹೋಗುವಾಗ ‘ಹದಿನೆಂಟು ವರ್ಷದ ಹಿಂದೆ’ ಅಂತ ಬೋರ್ಡು ಹಾಕುವುದಿಲ್ಲ. ಪ್ಯಾರಾದ ಮಧ್ಯದಲ್ಲೇ ನೆಲ ಸರಿಯುತ್ತದೆ. ಸರಿದ ಕಡೆ ಪೆನ್ಸಿಲಿನಿಂದ ಬದಿಯಲ್ಲಿ ಕೆಳಮುಖದ ಒಂದು ಬಾಣ ಹಾಕಿ. ವಾಪಸ್ 1873ಕ್ಕೆ ಬಂದಾಗ ಮೇಲ್ಮುಖದ ಬಾಣ. ಆಮೇಲೆ, ಬಾಣ ಹಾಕಿದ ಜಾಗದ ಹಿಂದಿನ ಎರಡು ಸಾಲು ನೋಡಿ. ಅಲ್ಲಿ ಖಂಡಿತ ಒಂದು ವಾಸನೆ, ಒಂದು ಸದ್ದು, ಮೈಗೆ ತಾಗಿದ ಏನೋ ಒಂದು ಇರುತ್ತದೆ.

ಮೊದಲ ಅಧ್ಯಾಯದ ಒಂದು ಜಾಗ ನೋಡೋಣ. ಸೆಥಾ ಹೊಲದಲ್ಲಿ ನಡೆದು ಬಂದಿದ್ದಾಳೆ. ಕಾಲಿಗೆ ಕ್ಯಾಮೊಮೈಲ್ ಗಿಡದ ಹಾಲು ಅಂಟಿದೆ. ಪಂಪಿನ ಹತ್ತಿರ ಹೋಗಿ ಕಾಲು ತೊಳೆಯಬೇಕು, ಮನಸ್ಸಿನಲ್ಲಿ ಅಷ್ಟೇ ಇದೆ. ನೀರು ಚಿಮ್ಮುತ್ತದೆ. ದಾರಿಯಲ್ಲಿ ಬಿಚ್ಚಿ ಎಸೆದ ಬೂಟು ಕಾಲುಚೀಲ ಕಾಣುತ್ತದೆ. ಕಾಲ ಬಳಿ ನಿಂತ ನೀರನ್ನು ನಾಯಿ ನೆಕ್ಕುತ್ತದೆ. ಅಷ್ಟರಲ್ಲಿ ಇದ್ದಕ್ಕಿದ್ದಂತೆ ಸ್ವೀಟ್ ಹೋಮ್ ಪೂರ್ತಿ ಅವಳ ಕಣ್ಣ ಮುಂದೆ ಹಾಸಿಕೊಳ್ಳುತ್ತದೆ. ಅಲ್ಲಿನ ಒಂದು ಎಲೆ ಕಂಡರೂ ಅವಳಿಗೆ ಚೀರಬೇಕು ಅನ್ನಿಸುತ್ತದೆ. ಆದರೂ ಆ ಜಾಗ ಕಣ್ಣಿಗೆ ಬರುವುದು ಚೆಲುವಾಗಿಯೇ. ಆ ಮರಗಳು ಎಷ್ಟು ಚೆಂದ! ಅದೇ ಮರಗಳಿಗೆ ಹುಡುಗರನ್ನು ನೇಣು ಹಾಕಿದ್ದರು. ಹುಡುಗರಿಗಿಂತ ಮರಗಳೇ ಜಾಸ್ತಿ ನೆನಪಿರುವುದಕ್ಕೆ ಸೆಥಾಗೆ ತನ್ನ ಮೇಲೆ ನಾಚಿಕೆಯಾಗುತ್ತದೆ.

ನಾನು ಇಲ್ಲಿ ಕೆಳಬಾಣ ಹಾಕಿ, ಪಕ್ಕದಲ್ಲಿ ‘ಕಾಲು ತೊಳೆಯುವುದು’ ಅಂತ ಬರೆದೆ. ಹೀಗೆ ಹತ್ತು ಬಾಣ ಹಾಕಿದ ಮೇಲೆ ಪುಸ್ತಕದ ನಡಿಗೆ ಕೈಗೆ ಸಿಕ್ಕಿತು. ಇಲ್ಲಿ ಯಾರೂ ಕೂತು ನೆನಪು ಮಾಡಿಕೊಳ್ಳುವುದಿಲ್ಲ. ನೆನಪೇ ಬಂದು ಅವರ ಮೇಲೆ ಬೀಳುತ್ತದೆ. ಅವರು ಮಾಡುವುದೆಲ್ಲ ಅದನ್ನು ತಡೆಯುವ ಕೆಲಸ. ಕಾಲು ತೊಳೆಯುತ್ತಾರೆ, ಹಿಟ್ಟು ನಾದುತ್ತಾರೆ, ಒಲೆ ಹಚ್ಚುತ್ತಾರೆ. ಆ ಕೆಲಸದ ಸಂದಿನಿಂದಲೇ ಅದು ಒಳಗೆ ಬರುತ್ತದೆ.

ಇದಕ್ಕೆ ಸೆಥಾ ತನ್ನದೇ ಒಂದು ಪದ ಇಟ್ಟುಕೊಂಡಿದ್ದಾಳೆ: ‘ರೀಮೆಮೊರಿ’. ಮೂರನೇ ಅಧ್ಯಾಯದಲ್ಲಿ ಡೆನ್ವರ್‌ಗೆ ಅದನ್ನು ವಿವರಿಸುತ್ತಾಳೆ. ಮನೆ ಸುಟ್ಟುಹೋದರೂ ಅದು ಇದ್ದ ಜಾಗ, ಅದರ ಚಿತ್ರ, ಅಲ್ಲೇ ಇರುತ್ತದೆ. ತಲೆಯೊಳಗೆ ಮಾತ್ರ ಅಲ್ಲ, ಹೊರಗೂ. ಅಲ್ಲಿಗೆ ಯಾವತ್ತೂ ಹೋಗದವಳು ಹೋಗಿ ನಿಂತರೂ ಅದು ಅವಳಿಗೂ ಆಗುತ್ತದೆ. ಈ ಪದವನ್ನು ಕನ್ನಡಕ್ಕೆ ತರಲು ನಾನು ಬಹಳ ಹೊತ್ತು ಒದ್ದಾಡಿದೆ. ‘ಮರುನೆನಪು’ ಅಂದರೆ ಮೆತ್ತಗಾಯಿತು. ನಮ್ಮಲ್ಲಿ ಹಳೆಯವರು ಕೆಲವು ಜಾಗಗಳ ಬಗ್ಗೆ ‘ಅಲ್ಲಿ ಹೋಗಬೇಡ, ಅಲ್ಲಿ ಇದೆ’ ಅಂತಾರಲ್ಲ, ಏನಿದೆ ಅಂತ ಹೇಳುವುದಿಲ್ಲ. ಸೆಥಾಳ ಮಾತಿಗೆ ನನಗೆ ಸಿಕ್ಕ ಹತ್ತಿರದ ದನಿ ಅದು. ನಿಮಗೆ ಬೇರೆ ಪದ ಹೊಳೆಯಬಹುದು. ಹುಡುಕಿ. ಹುಡುಕುವಾಗಲೇ ಆ ಅಧ್ಯಾಯ ತೆರೆದುಕೊಳ್ಳುತ್ತದೆ.

6. ಒಂದು ಭಾಗವನ್ನು ಯಾರಿಗಾದರೂ ಕನ್ನಡದಲ್ಲಿ ಹೇಳಿ

ಪುಟ ಪುಟವೂ ಅನುವಾದ ಮಾಡಬೇಕಿಲ್ಲ. ದಿನಕ್ಕೆ ಒಂದು ಸಣ್ಣ ತುಣುಕನ್ನು ಬಾಯಿಮಾತಿನಲ್ಲಿ ಹೇಳಿನೋಡಿ. ಕೇಳುವವರಿಗೆ ಪುಸ್ತಕ ಗೊತ್ತಿರಬೇಕು ಅಂತಿಲ್ಲ.

ನಾನು ಅಮ್ಮನಿಗೆ ಹೇಳಿದೆ. ಅಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಹದಿನೆಂಟು ವರ್ಷದ ಮೇಲೆ ಪಾಲ್ ಡಿ ಸೆಥಾಳ ಮನೆಗೆ ಬಂದಿದ್ದಾನೆ. ಅಡುಗೆಮನೆಯಲ್ಲಿ ಸೆಥಾ ತಾನು ಓಡಿಹೋಗುವ ಮುಂಚೆ ಏನಾಯಿತು ಅಂತ ಅವನಿಗೆ ಹೇಳುತ್ತಾಳೆ. ಆಗ ಅವಳು ಬಸುರಿ. ಎದೆಹಾಲು ಕುಡಿಯುವ ಮಗುವನ್ನು ಮುಂಚೆಯೇ ನದಿಯಾಚೆ ಕಳಿಸಿದ್ದಳು. ಆ ಮಗುವಿಗೆ ಅಂತ ಹಾಲು ಇಟ್ಟುಕೊಂಡು ಹೊರಡುವವಳಿದ್ದಳು. ಅಷ್ಟರಲ್ಲಿ ಆ ಜಮೀನಿನ ಹುಡುಗರು ಅವಳನ್ನು ಒತ್ತಿ ಹಿಡಿದು ಅವಳ ಹಾಲನ್ನು... ನಾನು ಅಲ್ಲಿ ನಿಂತೆ. ಇಂಗ್ಲಿಷಿನಲ್ಲಿ ಇರುವುದು ತೀರಾ ಸಾದಾ ಕ್ರಿಯಾಪದ. ‘ತಗೊಂಡರು’ ಅನ್ನಬೇಕಾ? ‘ಕದ್ದರು’? ‘ಕುಡಿದರು’? ಕೊನೆಗೆ ‘ಕಿತ್ಕೊಂಡರು’ ಅಂದೆ.

ಆ ವಿಷಯ ಒಡತಿಗೆ ಹೇಳಿದ್ದಕ್ಕೆ ಸೆಥಾಗೆ ಬೆನ್ನು ಸೀಳಿ ಹೋಗುವ ಹಾಗೆ ಹೊಡೆಸುತ್ತಾರೆ. ಪಾಲ್ ಡಿಗೆ ಕೇಳಿಸುವುದು ಆ ಏಟು ಮಾತ್ರ. ಚಾಟಿಯಲ್ಲಿ ಹೊಡೆದರಾ ಅನ್ನುತ್ತಾನೆ. ನನ್ನ ಹಾಲು ತಗೊಂಡರು ಅನ್ನುತ್ತಾಳೆ ಅವಳು. ಬಸುರಿಗೆ ಹೊಡೆದರಾ ಅಂತ ಮತ್ತೆ ಕೇಳುತ್ತಾನೆ. ನನ್ನ ಹಾಲು ತಗೊಂಡರು ಅಂತ ಮತ್ತೆ ಅದನ್ನೇ ಹೇಳುತ್ತಾಳೆ.

ಅಮ್ಮನ ಕೈ ಸೊಪ್ಪಿನ ಮೇಲೆ ನಿಂತಿತು. ‘ಏಟು ವಾಸಿಯಾಗುತ್ತೆ ಕಣೇ. ಅವನಿಗೆ ಅದು ಗೊತ್ತಾಗ್ತಿಲ್ಲ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆ ಮಗು ಆಮೇಲೆ ಹಾಲು ಕುಡೀತಾ?’ ಅಂತ ಕೇಳಿದರು.

ನಾನು ಅಷ್ಟು ಸಲ ಓದಿದ್ದರೂ ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಸೆಥಾ ಗಾಯಗೊಂಡ ಬೆನ್ನಿನಲ್ಲಿ, ಬರಿಗಾಲಿನಲ್ಲಿ, ತುಂಬಿದ ಬಸುರಿಯಾಗಿ ಯಾಕೆ ನಡೆದಳು ಅನ್ನುವುದಕ್ಕೆ ಆ ಪ್ರಶ್ನೆಯೇ ಉತ್ತರ. ಅವಳು ಹಾಲು ತಲುಪಿಸಲು ಹೊರಟಿದ್ದಳು. ಅವಳ ಬೆನ್ನಿನ ಮೇಲೆ ಒಂದು ಮರ ಇದೆ ಅಂತ ಇದೇ ಜಾಗದಲ್ಲಿ ಬರುತ್ತದೆ. ಅವಳು ಅದನ್ನು ಯಾವತ್ತೂ ನೋಡಿಲ್ಲ, ದಾರಿಯಲ್ಲಿ ಸಿಕ್ಕ ಒಬ್ಬ ಬಿಳಿ ಹುಡುಗಿ ಹಾಗೆ ಹೇಳಿದ್ದು. ವಿಮರ್ಶೆಗಳಲ್ಲಿ ಆ ಮರದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಮೊದಲ ಓದಿನಲ್ಲಿ ನೀವು ಹಾಲನ್ನು ಹಿಡಿದುಕೊಳ್ಳಿ ಅಂತ ನನ್ನ ಸಲಹೆ.

7. ಕಿವಿಯಿಂದ ಓದಿ

ಸಂಭಾಷಣೆಯ ಇಂಗ್ಲಿಷ್ ನಮ್ಮ ಶಾಲೆಯ ಇಂಗ್ಲಿಷ್ ಅಲ್ಲ. ಅದು ಕಪ್ಪು ಜನರ ಆಡುಮಾತು. ವ್ಯಾಕರಣ ತಪ್ಪಿದೆ ಅನ್ನಿಸಿದ ಕಡೆ ಗಟ್ಟಿಯಾಗಿ ಓದಿ, ಸರಿಹೋಗುತ್ತದೆ. ಕೆಲವು ಕಡೆ ಎರಡು ಪದ ಅಂಟಿಸಿ ಒಂದೇ ಮಾಡಿದ್ದಾರೆ. ‘ಬಿಳಿಜನ’ ಅನ್ನುವುದು ಒಂದೇ ಪದ, ಮಳೆ ಬಿಸಿಲು ಅನ್ನುವ ಹಾಗೆ.

ಈ ಕಾದಂಬರಿಯ ಆಡಿಯೊ ಪುಸ್ತಕಕ್ಕೆ ಮಾರಿಸನ್ ಅವರೇ ದನಿ ಕೊಟ್ಟಿದ್ದಾರೆ. ಮೆಲುದನಿ, ಅವಸರವಿಲ್ಲ. ಮೊದಲ ಅಧ್ಯಾಯವನ್ನಾದರೂ ಪುಸ್ತಕ ಮುಂದಿಟ್ಟುಕೊಂಡು ಕೇಳಿ. ಎಲ್ಲಿ ನಿಲ್ಲಬೇಕು ಅಂತ ಅವರ ಉಸಿರೇ ಹೇಳುತ್ತದೆ. ಸೆಥಾ ಎಂಬ ಹೆಸರನ್ನು ಹೇಗೆ ಹೇಳಬೇಕು ಅನ್ನುವುದು ನನಗೆ ತಿಳಿದದ್ದೂ ಅಲ್ಲೇ.

8. ಕಷ್ಟದ ಪುಟಗಳು

ಇದನ್ನು ಮುಚ್ಚಿಡಬಾರದು. ಲೈಂಗಿಕ ಹಿಂಸೆ ಮೊದಲ ಅಧ್ಯಾಯದಲ್ಲೇ ಇದೆ. ಮಗುವಿನ ಸಮಾಧಿಯ ಕಲ್ಲಿನ ಮೇಲೆ ಒಂದು ಪದ ಕೆತ್ತಿಸಲು ಸೆಥಾಳ ಬಳಿ ದುಡ್ಡಿರಲಿಲ್ಲ. ಕೆತ್ತುವವನು ಹತ್ತು ನಿಮಿಷಕ್ಕೆ ಅವಳ ಮೈ ಕೇಳಿದ. ಅವಳು ಕೊಟ್ಟಳು. ಇಂಗ್ಲಿಷಿನ ಏಳು ಅಕ್ಷರ ಸಿಕ್ಕಿತು. ಪುಸ್ತಕದ ಹೆಸರು ಆ ಏಳು ಅಕ್ಷರ. ಇನ್ನೊಂದು ಹತ್ತು ನಿಮಿಷ ಕೊಟ್ಟಿದ್ದರೆ ಇನ್ನೊಂದು ಪದವೂ ಸಿಗುತ್ತಿತ್ತಾ ಅಂತ ಅವಳು ಈಗಲೂ ಯೋಚಿಸುತ್ತಾಳೆ.

ಅದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿಟ್ಟು ಎರಡು ದಿನ ಮುಟ್ಟಲಿಲ್ಲ. ನಿಮಗೂ ಹಾಗಾದರೆ ಮುಚ್ಚಿಡಿ. ಆದರೆ ಅಧ್ಯಾಯದ ನಡುವೆ ಬಿಡಬೇಡಿ, ಕೊನೆಯ ಸಾಲಿನವರೆಗೆ ಹೋಗಿ ನಿಲ್ಲಿಸಿ. ಮಾರಿಸನ್ ನೋವಿನ ಪುಟದ ಆಚೆ ಸಾಮಾನ್ಯವಾಗಿ ಒಂದು ಕೈಯನ್ನು ಇಟ್ಟಿರುತ್ತಾರೆ. ಅಡುಗೆಮನೆಯಲ್ಲಿ ಪಾಲ್ ಡಿ ಹಿಂದಿನಿಂದ ಬಂದು ಸೆಥಾಳ ಎದೆಯ ಭಾರವನ್ನು ತನ್ನ ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಭಾರ ಬೇರೆಯವರ ಕೈಯಲ್ಲಿದೆ. ನಡುವೆಯೇ ಪುಸ್ತಕ ಮುಚ್ಚಿದವರಿಗೆ ಇದು ಸಿಗುವುದಿಲ್ಲ.

9. ಅನಿಸಿದ್ದನ್ನು ಅವತ್ತೇ ಬರೆದಿಡಿ, ತಿದ್ದಬೇಡಿ

ಪುಟ ಸಂಖ್ಯೆ, ಒಂದು ಸಾಲು, ಸಾಕು. ನನ್ನ ಪುಸ್ತಕದ ಬದಿಯಲ್ಲಿ ಹೀಗೆಲ್ಲ ಇದೆ: ‘ಡೆನ್ವರ್‌ಗೆ ಯಾಕೆ ಇಷ್ಟು ಸಿಟ್ಟು? ಅಮ್ಮನ ಹಳೆಯ ಕಥೆಗಳಲ್ಲಿ ಅವಳಿಗೆ ಜಾಗ ಇಲ್ಲ.’ ‘ಪಾಲ್ ಡಿ ಒಳ್ಳೆಯವನು ಅನ್ನಿಸುತ್ತಿದೆ. ನಂಬಬಹುದಾ?’ ‘ಬೇಬಿ ಸಗ್ಸ್ ಹಾಸಿಗೆ ಹಿಡಿದು ಬಣ್ಣ ಕೇಳುತ್ತಾಳೆ. ತಿಳಿನೇರಳೆ ಇಲ್ಲದಿದ್ದರೆ ಗುಲಾಬಿ ತಾ. ಯಾಕೆ ಬಣ್ಣ?’

ಇವುಗಳಲ್ಲಿ ಅರ್ಧ ತಪ್ಪು ಅಂತ ಮುಂದೆ ಗೊತ್ತಾಯಿತು. ಅಳಿಸಲಿಲ್ಲ. ಡೆನ್ವರ್ ಬಗ್ಗೆ ಬರೆದದ್ದು ನಿಜವಾಯಿತು. ಬಣ್ಣದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನೂರಕ್ಕೂ ಹೆಚ್ಚು ಪುಟ ದಾಟಿದ ಮೇಲೆ. ಪ್ರಶ್ನೆ ಬರೆದಿಟ್ಟಿರದಿದ್ದರೆ ಉತ್ತರ ಬಂದದ್ದೇ ತಿಳಿಯುತ್ತಿರಲಿಲ್ಲ.

10. ಒದ್ದೆ ಬಟ್ಟೆಯ ಹುಡುಗಿ ಬರುವವರೆಗೆ ಓದಿ, ಆಮೇಲೆ ಹಿಂದಕ್ಕೆ ಹೋಗಿ

ಸುಮಾರು ಐವತ್ತನೇ ಪುಟದ ಹೊತ್ತಿಗೆ ಮೂವರೂ ಜಾತ್ರೆಗೆ ಹೋಗಿ ಬರುತ್ತಾರೆ. ಸೆಥಾ, ಡೆನ್ವರ್, ಪಾಲ್ ಡಿ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಆ ಮನೆಯವರು ನಾಲ್ಕು ಜನರ ನಡುವೆ ಓಡಾಡಿದ್ದಾರೆ. ರಸ್ತೆಯ ಮೇಲೆ ಅವರ ನೆರಳುಗಳು ಕೈ ಕೈ ಹಿಡಿದುಕೊಂಡಿರುವ ಹಾಗೆ ಕಾಣುತ್ತವೆ. ಮನೆ ಹತ್ತಿರ ಬಂದರೆ ಮರದ ಕೊರಡಿನ ಮೇಲೆ ಒಬ್ಬ ಹುಡುಗಿ ಕೂತಿದ್ದಾಳೆ. ಒಳ್ಳೆಯ ಬಟ್ಟೆ, ಹೊಸ ಬೂಟು, ಗೆರೆಯೇ ಇಲ್ಲದ ನುಣುಪು ಚರ್ಮ. ಕತ್ತು ಎತ್ತಲು ಕಷ್ಟಪಡುತ್ತಾಳೆ. ಲೋಟದ ಮೇಲೆ ಲೋಟ ನೀರು ಕುಡಿಯುತ್ತಾಳೆ. ಅವಳ ಮುಖ ಕಂಡ ಕ್ಷಣ ಸೆಥಾಳ ಮೈಗೆ ಏನೋ ಆಗುತ್ತದೆ, ಮನೆಯ ಹಿಂದಕ್ಕೆ ಓಡುತ್ತಾಳೆ. ಹೆಸರು ಕೇಳಿದರೆ ಹುಡುಗಿ ಹೇಳುವುದು ಕಲ್ಲಿನ ಮೇಲಿನ ಆ ಏಳು ಅಕ್ಷರ.

ಅವಳು ಯಾರು ಅಂತ ಅವತ್ತೇ ತೀರ್ಮಾನ ಮಾಡಬೇಡಿ. ಕತ್ತು, ಚರ್ಮ, ನೀರು, ಇಷ್ಟನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಮಡಿಕೆಯ ಯಾವ ಕಡೆ ಬರೆಯಬೇಕು ಅಂತ ನಿಮಗೆ ತಿಳಿಯುವುದಿಲ್ಲ. ನಾನು ಮಡಿಕೆಯ ಮೇಲೆಯೇ ಬರೆದೆ.

ಅವತ್ತು ಮುಂದಿನ ಅಧ್ಯಾಯಕ್ಕೆ ಹೋಗದೆ ಮೊದಲ ಪುಟಕ್ಕೆ ವಾಪಸ್ ಬನ್ನಿ. ಒಡೆದ ಕನ್ನಡಿ, ಕಡಲೆಕಾಳು, ಬಿಸ್ಕತ್ತಿನ ಪುಡಿ, ಎಲ್ಲ ಅಲ್ಲೇ ಇವೆ. ಕೇಕಿನ ಮೇಲಿನ ಆ ಎರಡು ಅಂಗೈ ಗುರುತೂ ಇದೆ. ನಾನು ಪಕ್ಕದಲ್ಲಿ ‘ಓಹೋ, ದೆವ್ವದ ಕಥೆ’ ಅಂತ ಬರೆದಿದ್ದೆನಲ್ಲ, ಅದರ ಕೆಳಗೆ ಈ ಸಲ ಬರೆದದ್ದು: ‘ಎಷ್ಟು ಚಿಕ್ಕ ಕೈ.’